ಗುರುಸಿದ್ದವ್ವನ ಆಣಿ

“ದಯವಿಟ್ಟು ಗಮನಿಸಿ. ದೇಶದ ಗಡಿಯಿಂದ ಹೊರಟು ಹೆಂಡತಿಯ ಗಡಿಗೆಯ ಕಡೆಗೆ ಹೋಗುವ ಹವಾಲ್ದಾರ್ ಇಲಿಯಾಸ್ ಎಕ್ಸ್‌ಪ್ರೆಸ್, ಹದಿನೇಳು ವರ್ಷ ತಡವಾಗಿ, ಒಂದನೇ ಪ್ಲಾಟ್‌ಫಾರ್ಮಿಗೆ ಬಂದು ಸೇರಿದೆ.”

ಗದಗ ನಿಲ್ದಾಣದಲ್ಲಿ ಇಳಿದವರೆಲ್ಲ ತಲೆ ಎತ್ತಿ ಸ್ಪೀಕರ್ ಹುಡುಕಿದರು. ಅದೇ ಹೆಣ್ಣುದನಿ, ಅದೇ ತುಂಡುತುಂಡು ಮಾತು. ಆದರೆ ಅದು ಹೊರಟದ್ದು ಕಂಬದ ಮರೆಯಲ್ಲಿ ಮೂಗು ಹಿಡಿದು ನಿಂತಿದ್ದ ವೀರೇಶನ ಬಾಯಿಂದ. ಟ್ರಂಕು ಕೆಳಗಿಟ್ಟ ಇಲಿಯಾಸ ಮೊದಲು ಬೈದ, ಆಮೇಲೆ ನಕ್ಕ, ಆಮೇಲೆ ಗೆಳೆಯನನ್ನು ಅಪ್ಪಿಕೊಂಡ. ಶಿಗ್ಲಿಯಿಂದ ಬಂದಿದ್ದ ಮಂದಿ ಹಾರದ ಮೇಲೆ ಹಾರ ಹಾಕಿ ಅವನನ್ನು ಮೂಗಿನವರೆಗೆ ಚೆಂಡುಹೂವಿನಲ್ಲಿ ಹೂತರು.

“ಲೇ, ಉಸರಾಡಾಕರ ಜಾಗಾ ಬಿಡ್ರಿ,” ಎಂದ ವೀರೇಶ. “ವೈರಿ ಕೈಯಾಗ ಉಳದ ಬಂದಾನ, ನಿಮ್ಮ ಕೈಯಾಗ ಸತ್ತಗಿತ್ತಾನು!”

ನಿವೃತ್ತನಾಗಿ ಬರುವ ಯೋಧನನ್ನು ಸ್ಟೇಶನ್ನಿನಿಂದಲೇ ಮೆರೆಸಿಕೊಂಡು ಹೋಗುವುದು ಈಚೆಗೆ ಊರೂರಿನ ರೂಢಿ. ಗದಗದಿಂದ ಲಕ್ಷ್ಮೇಶ್ವರದವರೆಗೆ ಕಾರು, ಅಲ್ಲಿಂದ ಶಿಗ್ಲಿಗೆ ತೆರೆದ ಜೀಪು, ಜೀಪಿನ ಮುಂದೆ ಡೊಳ್ಳು, ದಾರಿಯ ಎರಡೂ ಬದಿಗೆ ಶಾಲೆಯ ಮಕ್ಕಳು, ಸಂಜೆಗೆ ಸಭೆ. ಎಲ್ಲದರ ಸೂತ್ರ ವೀರೇಶನದು. ಲಕ್ಷ್ಮೇಶ್ವರದಲ್ಲಿ ಅವನದೊಂದು ಮೈಕ್‌ಸೆಟ್ ಅಂಗಡಿ ಇತ್ತು. ಶಿರಹಟ್ಟಿಯಿಂದ ಮುಂಡರಗಿಯವರೆಗೆ ಮದುವೆ ಇರಲಿ, ಉದ್ಘಾಟನೆ ಇರಲಿ, ಮೈಕೂ ಅವನದೇ, ಮಾತೂ ಅವನದೇ. ಬಾಡಿಗೆ ಮೈಕಿಗೆ, ಮಾತು ಪುಕ್ಕಟೆ ಎನ್ನುತ್ತಿದ್ದ. ಊರವರು ತಿರುಗಿಸಿ, ಮಾತು ನಿಲ್ಲಿಸಿದರೆ ಬೇಕಾದರೆ ಇನ್ನಷ್ಟು ಕೊಡುತ್ತೇವೆ ಎನ್ನುತ್ತಿದ್ದರು.

ಕಾಲೇಜು ಮುಗಿದ ವರ್ಷ ಮೂವರು ಗೆಳೆಯರು ಸೇನಾ ಭರ್ತಿಗೆ ಕೂಡಿಯೇ ಓಡಿದ್ದರು: ಶಿಗ್ಲಿಯ ಇಲಿಯಾಸ, ಲಕ್ಷ್ಮೇಶ್ವರದ ವೀರೇಶ, ಮುಂಡರಗಿ ಕಡೆಯ ಹಮ್ಮಿಗಿಯಿಂದ ಹೊಳೆದಂಡೆಯ ಹುಡುಗ ಮೌನೇಶ. ಇಬ್ಬರು ಆಯ್ಕೆಯಾದರು. ಎದೆಯಳತೆಯ ಟೇಪು ಹಿಡಿದವನು ಎಷ್ಟು ಹೇಳಿದರೂ ವೀರೇಶನ ಎದೆ ಮಾತ್ರ ಉಬ್ಬಲಿಲ್ಲ. “ಇರ್ಲಿ ಬಿಡ್ರಲೇ, ನಿಮ್ಮನ್ನ ನೋಡಿ ಉಬ್ಬಸ್ಕೊಂತೀನಿ” ಎಂದು ಅವತ್ತು ನಗಿಸಿದ್ದ. ಆಮೇಲೆ ಒಬ್ಬನೇ ಬಸ್ಸಿನ ಹಿಂದಿನ ಸೀಟಿಗೆ ಹೋಗಿ ಕುಳಿತಿದ್ದ.

ಕಾರು ಊರು ದಾಟುತ್ತಿದ್ದಂತೆ ವೀರೇಶ ಸಂಜೆಯ ಕಾರ್ಯಕ್ರಮವನ್ನು ಒಪ್ಪಿಸಿದ. ಪ್ರಾರ್ಥನೆ, ಸ್ವಾಗತ, ಶಾಲು ಹೊದಿಸುವವರ ಸಾಲು. “ಸಾಲ ನೋಡಿದ್ರ ಶಾಲು ಸಾಲಂಗಿಲ್ಲೋ ಮಾರಾಯಾ. ಮತ್ತ ಹಮ್ಮಿಗಿಗೂ ಒಂದು ಗಾಡಿ ಕಳಸೀನಿ. ಗುರುಸಿದ್ದವ್ವನ್ನ ಕರಸಾಕತ್ತೀನಿ. ವೀರಮಾತೆ ಸನ್ಮಾನ.”

ಹಾರದ ಎಸಳು ಕೀಳುತ್ತಿದ್ದ ಇಲಿಯಾಸನ ಕೈ ನಿಂತಿತು. ಮೌನೇಶನ ತಾಯಿ.

“ಯವ್ವನ್ನ ಯಾಕ ತ್ರಾಸ ಮಾಡ್ತಿ? ನಾನ ಹೋಗಿ ಭೆಟ್ಟಿ ಆಗ್ತಿದ್ನಿ.”

“ನಿನಗ ಮೆರವಣಿಗಿ, ಅಂವಗೇನೂ ಇಲ್ಲನು?”

ಡ್ರೈವರಿಗೆ ಕೇಳದಂತೆ ಇಲಿಯಾಸ ಬಾಗಿದ. “ನಾ ಹೇಳಿದ್ದು ನೆನಪೈತಿಲ್ಲೋ?”

“ನನ್ನ ಹೊಟ್ಟಿ ಬ್ಯಾಂಕಿನ ಲಾಕರ್ ಇದ್ದಂಗ. ಚಿಂತಿ ಬಿಡು.”

ಇಲಿಯಾಸ ಚಿಂತೆ ಬಿಟ್ಟ. ಬಿಡದಿರಲು ಕಾರಣವೂ ಇರಲಿಲ್ಲ. ಆ ಸಂಗತಿಯನ್ನು ಅವನು ಹೆಂಡತಿ ಗುಲ್ನಾಜಳಿಗೆ ಹೇಳಿರಲಿಲ್ಲ, ತಾಯಿ ರಹಿಮತಬಿಗೆ ಹೇಳಿರಲಿಲ್ಲ. ಹೇಳಿದ್ದು ವೀರೇಶನೊಬ್ಬನಿಗೆ.

ಸಂಗತಿ ಇಷ್ಟು. ಮೌನೇಶ ಹಿಮಬೆಟ್ಟದ ಮೇಲಿನ ಕಾವಲು ಚೌಕಿಯಲ್ಲಿದ್ದ, ಇಲಿಯಾಸ ಕೆಳಗಿನ ಕ್ಯಾಂಪಿನಲ್ಲಿ ರೇಡಿಯೋ ಸೆಟ್ಟಿನ ಮುಂದೆ. ಹಿಮ ಕುಸಿದು ಚೌಕಿ ಮುಚ್ಚಿಹೋಯಿತು. ಮೌನೇಶನ ಕೈಯಲ್ಲಿ ಸೆಟ್ಟು ಉಳಿದಿತ್ತು. ಹುಡುಕಹೊರಟ ತಂಡ ಬಿರುಗಾಳಿಗೆ ಎದುರಾಗಿ ಅರ್ಧ ದಾರಿಯಲ್ಲೇ ಸಿಕ್ಕಿಕೊಂಡಿತು. ಹಿಮದಡಿಯಿಂದ ಮೌನೇಶ ಕನ್ನಡದಲ್ಲಿ ಕೇಳುತ್ತಿದ್ದ, ಇಲಿಯಾಸ ಕನ್ನಡದಲ್ಲಿ ಉತ್ತರಿಸುತ್ತಿದ್ದ. ಸುತ್ತ ನಿಂತವರಲ್ಲಿ ಯಾರಿಗೂ ಆ ಭಾಷೆ ಬಾರದು. ಹೀಗಾಗಿ ಆ ಮಾತುಗಳು ಜಗತ್ತಿನಲ್ಲಿ ಒಬ್ಬನ ಕಿವಿಯಲ್ಲಷ್ಟೇ ಉಳಿದವು. ಗುರುಸಿದ್ದವ್ವನಿಗೆ ಇಲಿಯಾಸ ಹೇಳಿದ್ದು ಬೇರೆ: “ನಿದ್ದ್ಯಾಗ ಹ್ವಾದ ಯವ್ವಾ. ಅಂವಗೇನೂ ಗೊತ್ತಾಗಲಿಲ್ಲ.” ಪ್ರತಿ ರಜೆಯಲ್ಲೂ ಅವನು ಹಮ್ಮಿಗಿಗೆ ಹೋಗಿ, ಸಜ್ಜಿ ರೊಟ್ಟಿ ಪುಂಡಿಪಲ್ಯ ಉಂಡು, ಅವಳು ಕೇಳಿದಾಗಲೆಲ್ಲ ಅದನ್ನೇ ಹೇಳಿ ಬರುತ್ತಿದ್ದ. ಅವಳು ಪ್ರತಿ ಸಲವೂ ಕೇಳುತ್ತಿದ್ದಳು. “ನಿದ್ದ್ಯಾಗ ಅಲ್ಲಪಾ?” “ಹೂಂ ಯವ್ವಾ, ನಿದ್ದ್ಯಾಗ.” ಆ ಒಂದು ಮಾತಿನ ಮೇಲೆ ತಲೆಯಿಟ್ಟು ಅವಳು ಮಲಗುತ್ತಾಳೆಂದು ಅವನಿಗೆ ಗೊತ್ತಿತ್ತು. ಅದನ್ನು ತಲೆಯಡಿಯಿಂದ ಎಳೆಯಬಾರದು, ಅಷ್ಟೇ ಅವನ ಆಸೆ.

ಸಭೆ ಹೈಸ್ಕೂಲಿನ ಬಯಲಿನಲ್ಲಿತ್ತು. ಗುರುಸಿದ್ದವ್ವ ಮುಂದಿನ ಸಾಲಿನಲ್ಲಿ ರಹಿಮತಬಿಯ ಪಕ್ಕ ಕುಳಿತಿದ್ದಳು. ಇಬ್ಬರೂ ಸೆರಗು ಹೊದ್ದು, ಒಂದೇ ತಾಟಿನಿಂದ ಚುರಮುರಿ ತಿನ್ನುತ್ತಿದ್ದರು. ಮುಖ್ಯ ಅತಿಥಿ ಬಂದಿರಲಿಲ್ಲ. ಬರುವವರೆಗೆ ವೀರೇಶ ಮೈಕು ಹಿಡಿದು ನಗಿಸಿದ. ಕಂಡಕ್ಟರನ ಸೀಟಿ ಊದಿದ, ಮೊಬೈಲಿನಲ್ಲಿ ಸಾಲ ಕೊಡುತ್ತೇವೆನ್ನುವ ಹುಡುಗಿಯಾದ, ವೇದಿಕೆಯ ಮೇಲೆ ಕುಳಿತಿದ್ದ ಅಧ್ಯಕ್ಷ ದೇವೇಂದ್ರಪ್ಪನವರ ಕೆಮ್ಮನ್ನು ಅವರ ಎದುರಿಗೇ ಕೆಮ್ಮಿದ. ದೇವೇಂದ್ರಪ್ಪನವರಿಗೂ ಖರೇ ಕೆಮ್ಮು ಬಂತು, ಜನ ಬಿದ್ದು ಬಿದ್ದು ನಕ್ಕರು. ಆದರೆ ಅತಿಥಿ ಇನ್ನೂ ಬರಲಿಲ್ಲ. ಹಿಂದಿನ ಸಾಲಿನವರು ಒಬ್ಬೊಬ್ಬರೇ ಎದ್ದು ಪ್ಯಾಂಟು ಝಾಡಿಸತೊಡಗಿದರು.

ಖಾಲಿಯಾಗುವ ಕುರ್ಚಿಯನ್ನು ನೋಡುವಾಗ ವೀರೇಶನ ಮುಖ ಹೇಗಾಗುತ್ತದೆಂದು ಇಲಿಯಾಸನಿಗೆ ಗೊತ್ತಿತ್ತು. ಭರ್ತಿಯ ದಿನ, ಟೇಪು ಸುತ್ತಿಟ್ಟವನ ಎದುರು ನಿಂತಾಗ ಹಾಗೆಯೇ ಆಗಿತ್ತು.

“ಹೋಗಬ್ಯಾಡ್ರಿ,” ಎಂದ ವೀರೇಶ ಮೈಕಿನಲ್ಲಿ. ನಗುವಿನ ದನಿ ಅಲ್ಲ. “ಇಷ್ಟೊತ್ತು ನಗಿಸಿದ್ನಿ. ಈಗ ನಮ್ಮ ಮೌನೇಶನ್ನ ಕರೀತೀನಿ. ಅಂವ ಕಡೀಕ ಏನು ಮಾತಾಡಿದ ಅಂತ ಈ ನಾಡಿಗೆ ಗೊತ್ತಾಗಬೇಕು.”

ಇಲಿಯಾಸ ಎದ್ದ. ಕೊರಳಿನ ಹಾರಗಳ ತೂಕ, ಮುಂದೆ ಮೇಜು, ಮೇಜಿನ ತುಂಬ ಸ್ಮರಣಿಕೆ. ಅವನು ದಾಟಿ ಬರುವಷ್ಟರಲ್ಲಿ ವೀರೇಶ ಮೈಕಿಗೆ ಅಂಗೈ ಅಡ್ಡ ಹಿಡಿದು ಗರಗರ ಎಂದು ರೇಡಿಯೋದ ಸದ್ದು ಹೊರಡಿಸಿಬಿಟ್ಟಿದ್ದ. ಆ ಸದ್ದು ಕೇಳಿದ್ದೇ ಇಲಿಯಾಸನ ಕಾಲುಗಳು ಇದ್ದಲ್ಲೇ ನಿಂತವು.

“ಬಂದ್ರೇನಲೇ?”

ಮೌನೇಶ. ಥೇಟ್ ಮೌನೇಶ. ‘ಲೇ’ಯನ್ನು ಚೂರು ಎಳೆದು ಬಿಡುವ ಹೊಳೆಸಾಲಿನ ದನಿ.

“ಬಂದ್ರು, ಬಂದ್ರು.” ಇದು ಇಲಿಯಾಸನ ದನಿ, ಅದೂ ವೀರೇಶನ ಬಾಯಿಂದಲೇ.

“ಎಲ್ಲಿ? ಏನೂ ಕೇಳವಲ್ದಲ್ಲೋ.”

“ನಿನ್ನ ತೆಲಿ ಮ್ಯಾಲ ಅಗಿಯಾಕತ್ಯಾರ. ಸುಮ್ಕಿರು, ಮಾತಾಡಿ ದಣೀಬ್ಯಾಡ.”

“ಸುಳ್ಳ ಹೇಳ್ತಿ. ಯಾರೂ ಬಂದಿಲ್ಲ.”

“ಬಂದಾರಲೇ, ನಿಮ್ಮವ್ವನ ಆಣಿಗೂ ಬಂದಾರ!”

ಗರಗರ. ವೀರೇಶ ಅದನ್ನು ಸಣ್ಣದು ಮಾಡುತ್ತ ಹೋದ. ಕೊನೆಗೆ ಮೌನೇಶ ಒಂದೇ ಮಾತು ಅಂದ: “ಅವ್ವನ ಆಣಿ ಮಾಡಿದ್ರ ಆತು.” ಮತ್ತೆ ಸದ್ದಿಲ್ಲ.

ಒಂದಕ್ಷರ ತಪ್ಪಿರಲಿಲ್ಲ. ಹೋದ ರಜೆಯಲ್ಲಿ, ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನ ಎದುರಿನ ಚಾದಂಗಡಿಯಲ್ಲಿ, ಗಿರ್ಮಿಟ್ಟು ತಟ್ಟೆಯಲ್ಲೇ ಮೆತ್ತಗಾಗುವವರೆಗೆ ಇಲಿಯಾಸ ಅಳುತ್ತ ಹೇಳಿದ್ದ. ವೀರೇಶ ಕಣ್ಣು ಮುಚ್ಚಿ ಕೇಳಿದ್ದ. ನಡುನಡುವೆ, “ಹೆಂಗಂದ? ಜೋರಾಗಿ ಅಂದ್ನೋ, ಮೆಲ್ಲಕೋ? ಇನ್ನೊಮ್ಮೆ ಅನ್ನು” ಎಂದಿದ್ದ. ದುಃಖ ತಡೆಯಲಾರದೆ ಕೇಳುತ್ತಿದ್ದಾನೆಂದು ಇಲಿಯಾಸ ಅವನ ಬೆನ್ನು ಸವರಿದ್ದ. ವೀರೇಶ ಬಾಯಿಪಾಠ ಮಾಡಿಕೊಳ್ಳುತ್ತಿದ್ದ ಎಂಬುದು ಈಗ ತಿಳಿಯಿತು.

ಚಪ್ಪಾಳೆ ಶುರುವಾಯಿತು. ಎದ್ದು ಹೋಗುತ್ತಿದ್ದವರು ತಿರುಗಿ ಬಂದರು. ಮಂದಿ ಕಣ್ಣೊರೆಸಿಕೊಂಡೇ ಚಪ್ಪಾಳೆ ಹೊಡೆದರು, ಒಬ್ಬ ಸೀಟಿಯನ್ನೂ ಹೊಡೆದ. ಇಲಿಯಾಸ ವೀರೇಶನ ರಟ್ಟೆ ಹಿಡಿದು ಮೈಕಿನಿಂದ ಆಚೆ ಎಳೆದ.

“ಏನ ಮಾಡಿದ್ಯಲೇ?”

“ಅಲ್ಲೋ, ಮಂದಿ ಎದ್ದು ಹೊಂಟಿದ್ರು…”

“ಯವ್ವ ಕುಂತಾಳಲೇ ಮುಂದ!”

“ಆಕಿ ಸಲುವಾಗೇ ಮಾಡಿದ್ದು. ನೀ ಹೊಟ್ಟ್ಯಾಗ ಹೂತಿದ್ದಿ, ನಾ ಅವನ್ನ ಎಬ್ಬಿಸಿದ್ನಿ. ನೋಡಲ್ಲೆ, ಯಾರರ ಒಬ್ಬರು ಅಳದ ಕುಂತಾರನು?”

ಒಬ್ಬಳು ಕುಳಿತಿದ್ದಳು. ಗುರುಸಿದ್ದವ್ವ ಅಳುತ್ತಿರಲಿಲ್ಲ. ಕೈಯಲ್ಲಿದ್ದ ಚುರಮುರಿಯನ್ನು ತಾಟಿಗೆ ಹಾಕಿ, ಕೈ ಝಾಡಿಸಿ, ಎದ್ದಳು. ರಹಿಮತಬಿ ಹಿಡಿದ ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡು, ಯಾರ ಆಸರೆಯೂ ಇಲ್ಲದೆ ವೇದಿಕೆಯ ಮೆಟ್ಟಿಲು ಹತ್ತಿದಳು. ವೀರೇಶ ರೂಢಿಯಂತೆ ಮೈಕು ಅವಳ ಬಾಯಿಗೆ ಹಿಡಿದ. ಅವಳು ಅದನ್ನು ಪಕ್ಕಕ್ಕೆ ಸರಿಸಿದಳು.

“ಇನ್ನೊಮ್ಮೆ ಅನ್ನಪಾ.”

“ಏನ್ಯವ್ವಾ?”

“ಅಂವ ಕೇಳಿದ್ನಲಾ, ಅದು.”

ವೀರೇಶ ಮೈಕು ಕೆಳಗಿಳಿಸಿದ. ಆಮೇಲೆ ಮೈಕಿಲ್ಲದೆ, ಅವಳೊಬ್ಬಳಿಗೇ ಕೇಳುವಂತೆ, “ಬಂದ್ರೇನಲೇ?” ಎಂದ.

ಗುರುಸಿದ್ದವ್ವ ಕಣ್ಣು ಮುಚ್ಚಿದಳು. “ಹೂಂ ನಮ್ಮಪ್ಪಾ,” ಎಂದಳು. “ಬಂದೆ.”

ಕಣ್ಣು ತೆರೆದಾಗ ಅವು ಇಲಿಯಾಸನ ಕಡೆ ತಿರುಗಿದ್ದವು.

“ನನ್ನ ಆಣಿ ಮಾಡಿದ್ದು ಖರೆ ಏನು?”

“ಖರೆ ಯವ್ವಾ.”

“ಮಂದಿ ಬಂದಿದ್ದು?”

“ಬಂದಿರ್ಲಿಲ್ಲ ಯವ್ವಾ. ಗಾಳಿ… ದಾರ್ಯಾಗ ಸಿಕ್ಕೊಂಡಿದ್ರು.”

“ನಿದ್ದ್ಯಾಗ ಹ್ವಾದ ಅಂದಿದ್ದು?”

ಅವನು ತಲೆ ತಗ್ಗಿಸಿದ. ಹಾರದ ಹೂವು ಗಲ್ಲಕ್ಕೆ ಚುಚ್ಚಿತು.

“ಅಂವಗ ಹೇಳಿದ್ದು ಇರ್ಲಿ,” ಎಂದಳು ಅವಳು. “ಸಾಯಾವಗ ಯಾರಾದ್ರೂ ಹಂಗs ಹೇಳ್ತಾರ. ನಾನಿದ್ರೂ ಹೇಳತಿದ್ನಿ, ನನ್ನ ಆಣಿ ನಾನs ಮಾಡಿ ಹೇಳತಿದ್ನಿ. ನನ್ನ ಹೆಸರು ಕೇಳಿ ಅಂವ ಸಮಾಧಾನ ಆದ್ನಲಾ. ಅದೊಂದು ಮಾತು ನನಗ ಬೇಕಾಗಿತ್ತಪಾ. ಸಲಸಲಕ್ಕೂ ಎದಕ ಕೇಳತಿದ್ನಿ ನಾನು? ನನ್ನ ರೊಟ್ಟಿ ತಿಂದಕೋತ, ನನ್ನ ಮಾರಿ ನೋಡಿಕೋತ, ನಿದ್ದ್ಯಾಗ, ನಿದ್ದ್ಯಾಗ ಅಂದಿ. ಅಂವನ ಆ ಮಾತನ್ನ ತಂದು ಇವಂಗ ಕೊಟ್ಟಿ.”

“ಯವ್ವಾ, ನಿನಗ ತಡಕೊಳ್ಳಾಕ ಆಗೂದಿಲ್ಲಂತ…”

“ಹಡದಾಕಿಗೆ ತಡಕೊಳ್ಳಾಕ ಆಗೂದಿಲ್ಲ, ಮೈಕಿನಾಂವಗ ಆಗತೈತಿ?”

ಅಷ್ಟರಲ್ಲಿ ಮುಖ್ಯ ಅತಿಥಿಯ ಕಾರು ಬಯಲಿಗೆ ಬಂತು. ದೇವೇಂದ್ರಪ್ಪನವರು ಶಾಲು ಹಿಡಿದು ಓಡಾಡಿದರು. ಗುರುಸಿದ್ದವ್ವ ಶಾಲಿಗೆ ನಿಲ್ಲಲಿಲ್ಲ. “ನಾ ಊರಿಗೆ ಹೋಗ್ತೀನಿ,” ಎಂದಳು.

ಇಲಿಯಾಸ ಮುಂದೆ ಬಂದ. “ನಾ ಬಿಟ್ಟ ಬರ್ತೀನಿ ನಡಿ ಯವ್ವಾ.”

“ನೀ ಬ್ಯಾಡ.” ಸಿಟ್ಟಿನ ದನಿಯಲ್ಲ; ತುಂಬಿದ ಬಸ್ಸನ್ನು ಬಿಟ್ಟು ಮುಂದಿನದಕ್ಕೆ ಕಾಯುವವರ ದನಿ. “ಇಂವ ಬರ್ಲಿ. ಇವನ ಬಾಯಾಗರ ನನ್ನ ಮಗ ಅದಾನ.”

ವೀರೇಶ ಇಲಿಯಾಸನನ್ನು ನೋಡಿದ. ಕಣ್ಣಲ್ಲಿ ಅಂಜಿಕೆ ಇತ್ತು, ನಾಚಿಕೆಯೂ ಇತ್ತು. ಅವೆರಡರ ಹಿಂದೆ ಇನ್ನೊಂದು ಇತ್ತು. ಎಷ್ಟು ಹೇಳಿದರೂ ಉಬ್ಬದಿದ್ದ ಎದೆ ಇವತ್ತು ಅಂಗಿಯ ಗುಂಡಿ ಎಳೆಯುತ್ತಿತ್ತು. “ಸ್ವಲ್ಪ ಸಂಭಾಳಸಲೇ” ಎಂದು ಮೈಕನ್ನು ಇಲಿಯಾಸನ ಕೈಗಿಟ್ಟು, ಮುದುಕಿಯ ಕೈ ಹಿಡಿದು ಮೆಟ್ಟಿಲು ಇಳಿಸಿದ. ಕಾರಿನ ಬಾಗಿಲು ಹಾಕುವ ಮುಂಚೆ ಅವಳು ಅವನಿಗೆ ಏನೋ ಹೇಳಿದಳು. ಅವನು ಬಾಗಿ, ಏನೋ ಅಂದ. ಅವಳ ಮುಖ ಅರಳಿತು. ಯಾವ ಮಾತೆಂದು ವೇದಿಕೆಗೆ ಕೇಳಿಸಲಿಲ್ಲ. ಮೌನೇಶ ಹಿಂದೆಂದೋ ಆಡಿದ್ದಿರಬಹುದು, ಎಂದೂ ಆಡದ್ದೂ ಇರಬಹುದು. ಅದು ಹೌದೋ ಅಲ್ಲವೋ ಎಂದು ಹೇಳುವವರು ಇನ್ನು ಯಾರೂ ಇರಲಿಲ್ಲ.

ಕಾರು ಧೂಳೆಬ್ಬಿಸಿ ಹೋಯಿತು. ಮುಂದಿನ ಸಾಲಿನಲ್ಲಿ ಗುಲ್ನಾಜ ಗಂಡನ ಕಡೆ ನೋಡುತ್ತಿರಲಿಲ್ಲ. ಗುರುಸಿದ್ದವ್ವ ಬಿಟ್ಟುಹೋದ ಕುರ್ಚಿಯನ್ನು ನೋಡುತ್ತಿದ್ದಳು. ಅವನು ಸತ್ಯ ಹೇಳಿದ್ದು ಒಬ್ಬನಿಗೆ ಮಾತ್ರ ಎಂಬುದು ಈಗ ಅವಳಿಗೂ ಗೊತ್ತು. ಮುಖ್ಯ ಅತಿಥಿ ಕುಳಿತು, ಕೈಗಡಿಯಾರ ನೋಡಿಕೊಂಡು, “ಮೊದಲ ನಮ್ಮ ಯೋಧರು ಎರಡು ಮಾತಾಡಲಿ” ಎಂದರು.

ಇಲಿಯಾಸ ಮೈಕು ಬಾಯಿಗೆ ತಂದ. ಹೇಳಬೇಕಾದದ್ದು ಬಹಳ ಇತ್ತು. ಬಿರುಗಾಳಿಯ ಮಾತು, ಬೆರಳು ಮರಗಟ್ಟಿದರೂ ಬಿಡದೆ ಸೆಟ್ಟಿನ ಗುಂಡಿ ಒತ್ತಿ ಹಿಡಿದ ಮಾತು, ಮೌನೇಶ ಗಪ್ಪಾದ ಮೇಲೂ ಬಂದ್ರು, ಬಂದ್ರು ಎನ್ನುತ್ತಲೇ ಇದ್ದ ಮಾತು. ಆ ಕೊನೆಯದನ್ನು ವೀರೇಶನಿಗೂ ಹೇಳಿರಲಿಲ್ಲ.

“ಎಲ್ಲಾರಿಗೂ ನಮಸ್ಕಾರ್ರಿ,” ಎಂದ.

ಸ್ಪೀಕರಿನಿಂದ ಹೊರಟ ದನಿ ಅವನಿಗೇ ಪರಕೀಯವಾಗಿ ಕೇಳಿತು. ಸ್ವಲ್ಪ ಹೊತ್ತಿನ ಹಿಂದೆ ಅದೇ ಸ್ಪೀಕರಿನಿಂದ ಅದೇ ದನಿ ಸುಳ್ಳು ಆಣಿ ಮಾಡಿತ್ತು. ಜನರ ಮುಖಗಳೂ ಹಾಗೇ ಅರಳಿದವು, ಯಾವುದೋ ಆಟ ಮತ್ತೆ ಶುರುವಾದಂತೆ. ಮುಂದಿನ ಮಾತಿಗೆ ಅವನು ಬಾಯಿ ತೆರೆಯುವಷ್ಟರಲ್ಲಿ, ಎರಡನೆಯ ಸಾಲಿನಲ್ಲಿ ಒಬ್ಬ ಪಕ್ಕದವನ ತೊಡೆ ತಟ್ಟಿದ.

“ಖರೇನs ನೋಡು ಮಾರಾಯಾ! ಥೇಟ್ ವೀರೇಶ ಮಾಡಿದ ದನಿ!”