ಪಾರ್ಕಿನ ಮೂಲೆಯ ಮಗಳು

ಚನ್ನಾಜಮ್ಮ ಮನೆಗೆಲಸಕ್ಕೆ ಸೇರಿದ್ದು ಸಂಬಳದ ಆಸೆಗಲ್ಲ. ನಂಜನಗೂಡಿನ ಅಂಚಿನಲ್ಲಿ, ಟಿ. ನರಸೀಪುರದ ರಸ್ತೆಗೆ ತಗುಲಿಕೊಂಡಂತೆ ಎದ್ದಿದ್ದ ಗೌರಿಶಂಕರ ಬಡಾವಣೆಯೊಳಗೆ ಕಾಲಿಡಲು ಅವಳಿಗೆ ಬೇರೆ ದಾರಿ ಇರಲಿಲ್ಲ. ಆ ಬಡಾವಣೆಯ ಪಾರ್ಕಿನ ಮೂಲೆಯಲ್ಲಿ ಅವಳ ಮಗಳಿದ್ದಳು.

ಮಗಳ ಹೆಸರು ಅರ್ಪಿತ. ಏಳು ವರ್ಷಕ್ಕೇ, ಮೂರು ದಿನದ ಜ್ವರದಲ್ಲಿ ತೀರಿಕೊಂಡಳು. ಆಗ ಅಲ್ಲಿ ಬಡಾವಣೆಯೂ ಇರಲಿಲ್ಲ, ಗೇಟೂ ಇರಲಿಲ್ಲ. ಇದ್ದದ್ದು ಚನ್ನಾಜಮ್ಮನ ಗಂಡ ಬಸವಯ್ಯನ ಒಂದೂಕಾಲು ಎಕರೆ ಗದ್ದೆ. ಹಣೆಗೆ ವಿಭೂತಿ ಬಳಿದು, ಕೈಯಲ್ಲಿ ಲಿಂಗವಿಟ್ಟು, ಗದ್ದೆಯ ಮೇಲುಮೂಲೆಯಲ್ಲಿ ಮಗುವನ್ನು ಕೂರಿಸಿ ಮಣ್ಣು ಮಾಡಿದರು. ರುದ್ರಭೂಮಿಗೆ ಬೇಡ, ಕಣ್ಣಳತೆಯಲ್ಲೇ ಇರಲಿ ಎಂದು ಹಟ ಹಿಡಿದವಳು ಚನ್ನಾಜಮ್ಮನೇ. ಮೇಲೊಂದು ಕಣಗಿಲೆ ಗಿಡ ನೆಟ್ಟಳು. ಕೆಲಸದ ನಡುವೆ ಬುತ್ತಿ ಬಿಚ್ಚಿದಾಗ ಮೊದಲ ತುತ್ತನ್ನು ಅಲ್ಲಿಟ್ಟೇ ತಾನು ಉಣ್ಣುತ್ತಿದ್ದಳು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ.

ಊರು ಬೆಳೆದು ಬಂದದ್ದು ಅವಳ ಕಣ್ಣೆದುರೇ. ಫ್ಯಾಕ್ಟರಿಗಳಿಗೆ ಎಲ್ಲೆಲ್ಲಿಂದಲೋ ಜನ ಬಂದರು. ಮೈಸೂರಿನ ಬಾಡಿಗೆ ತಡೆಯಲಾರದವರು ಇತ್ತ ಸೈಟು ಹುಡುಕಿಕೊಂಡು ಬಂದರು. ಮೇಲಿನ ಗದ್ದೆಗಳಿಗೆಲ್ಲ ಲಾರಿಗಟ್ಟಲೆ ಮಣ್ಣು ಬಿತ್ತು, ಕಾಲುವೆ ಮುಚ್ಚಿಹೋಯಿತು. ಕಾಲುವೆಯ ನೀರು ನಿಂತಮೇಲೆ ಹೊಸ ಮನೆಗಳ ಬಚ್ಚಲ ನೀರು ಗದ್ದೆಗೆ ಇಳಿಯತೊಡಗಿತು. ಎರಡು ವರ್ಷ ಪೈರು ನಿಂತಲ್ಲೇ ಕೊಳೆತು ನಾರಿದ ಮೇಲೆ ಬಸವಯ್ಯ ಬಡಾವಣೆ ಮಾಡುವ ನಟರಾಜನಿಗೆ ಜಮೀನು ಬಿಟ್ಟುಕೊಟ್ಟ. ಪೇಟೆಯ ಬೀದಿಯೊಂದರಲ್ಲಿ ಎರಡು ಕೋಣೆಯ ಮನೆ, ಓಡಿಸಲು ಒಂದು ಲಗೇಜ್ ಆಟೋ ಆಯಿತು.

ಹೆಬ್ಬೆಟ್ಟು ಒತ್ತುವ ಮುಂಚೆ ಚನ್ನಾಜಮ್ಮ ಒಂದೇ ಒಂದು ಮಾತು ಕೇಳಿದ್ದಳು. ನಟರಾಜ್ ನಕ್ಷೆ ಬಿಚ್ಚಿ ಹಸಿರು ಬಣ್ಣದ ಮೇಲೆ ಬೆರಳಿಟ್ಟು ತೋರಿಸಿದ್ದ.

"ಆ ಮೂಲೇನ ಪಾರ್ಕಿಗೆ ಬುಟ್ಟಿವ್ನಿ ಕಣವ್ವ. ಯಾರೂ ಮುಟ್ಟಲ್ಲ. ನಿನ್ ಮಗೀಗೆ ಒಳ್ಳೆ ನೆಳ್ಳಾಯ್ತದೆ."

ಅಕ್ಕಪಕ್ಕದ ಗದ್ದೆಗಳೂ ಸೇರಿ ನಾಲ್ಕು ವರ್ಷದಲ್ಲಿ ಅಲ್ಲಿ ಅರವತ್ತು ಮನೆ ಎದ್ದವು. ಸುತ್ತ ಕಾಂಪೌಂಡು, ಮುಂದೆ ಗೇಟು, ಗೇಟಿಗೊಬ್ಬ ಕಾವಲಿನವನು. ಸೋಮವಾರ ಹೂವು ಹಿಡಿದು ಹೋದರೆ ಯಾವ ಮನೆ ನಂಬರು ಎಂದು ಅವನು ಕೇಳುತ್ತಿದ್ದ. ಎರಡು ಸೋಮವಾರ ಚನ್ನಾಜಮ್ಮ ಹೂವನ್ನು ರಸ್ತೆ ಬದಿಗೆ ಹಾಕಿ ವಾಪಸು ಬಂದಳು. ಮೂರನೆಯ ಸೋಮವಾರ, ಒಳಗೆ ಯಾರಿಗಾದರೂ ಕೆಲಸದವರು ಬೇಕಾ ಎಂದು ಕೇಳಿದಳು. ಪಾರ್ಕಿಗೆ ಎದುರಾದ ಇಪ್ಪತ್ತೆರಡನೆಯ ನಂಬರಿನ ಮನೆಯವರಿಗೆ ಬೇಕಿತ್ತು.

ಆ ಮನೆಯೊಡತಿ ನಯನ ಖಾಸಗಿ ಶಾಲೆಯೊಂದರಲ್ಲಿ ಟೀಚರು. ನರಸೀಪುರದ ಕಡೆಯವಳು, ಚನ್ನಾಜಮ್ಮನ ಜನಾಂಗದವಳೇ. ಗಂಡ ಅಮೃತೇಶ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು. ಐದು ವರ್ಷದ ಮಗಳು ಇಂಚರ. ನಯನ ಕೆಲಸದವಳೆಂದು ಬೇರೆ ಲೋಟ ಇಡುವ ಪೈಕಿ ಅಲ್ಲ. ಬಹುವಚನದಲ್ಲೇ ಮಾತಾಡಿಸುತ್ತಿದ್ದಳು, ತಿಂಡಿಯಾದರೆ ಪಕ್ಕದಲ್ಲೇ ಕುಳಿತು ತಿನ್ನಲು ಹೇಳುತ್ತಿದ್ದಳು. ಇಂಚರ ಅಂತೂ ಚನ್ನಾಜಮ್ಮನ ಸೆರಗು ಬಿಡುತ್ತಿರಲಿಲ್ಲ. ಅಮ್ಮ ಶಾಲೆಯಿಂದ ಬರುವ ತನಕ ಅಜ್ಜಿ ಅಜ್ಜಿ ಎಂದು ಹಿಂದೆ ಮುಂದೆ ಸುತ್ತುತ್ತಿತ್ತು. ಪಾತ್ರೆ ಬಟ್ಟೆ ಮುಗಿಸಿ ಚನ್ನಾಜಮ್ಮ ಮಗುವನ್ನು ಪಾರ್ಕಿಗೆ ಕರೆದೊಯ್ಯುತ್ತಿದ್ದಳು. ಮಗು ಜಾರುಬಂಡೆಯಲ್ಲಿ ಆಡುತ್ತಿದ್ದರೆ ತಾನು ಕಣಗಿಲೆ ಗಿಡದ ಬುಡದಲ್ಲಿ ಕುಳಿತಿರುತ್ತಿದ್ದಳು. ಒಂದೂವರೆ ವರ್ಷ ಹೀಗೆ ನಡೆಯಿತು. ಮಗಳು ಹೋದ ಮೇಲೆ ಅವಳು ಅಷ್ಟು ನೆಮ್ಮದಿಯಾಗಿದ್ದದ್ದು ಆ ಒಂದೂವರೆ ವರ್ಷವೇ.

ಒಂದು ಸೋಮವಾರ ಇಂಚರ, ಇಲ್ಲಿ ಯಾಕೆ ಹೂವಿಡ್ತೀಯ ಅಜ್ಜಿ ಎಂದು ಕೇಳಿತು. ಮಗುವಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಇಲ್ಲೊಬ್ಬ ಅಕ್ಕ ಮಲಗಿದ್ದಾಳೆ, ಅವಳಿಗೆ ಹೂವೆಂದರೆ ಇಷ್ಟ ಎಂದಳು. ಅವತ್ತೇ ಸಂಜೆ ಮಗು ಅದನ್ನು ಅಮ್ಮನಿಗೆ ಒಪ್ಪಿಸಿತು. ನಯನ ಬಾಗಿಲು ಮುಂದೆ ಮಾಡಿ, ಚನ್ನಾಜಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಏನು ಅಂತ ಹೇಳಿ ಎಂದು ಮೆತ್ತಗೆ ಕೇಳಿದಳು.

"ಅಲ್ಲಿರೋಳು ನನ್ ಮಗ್ಳು ಕಣವ್ವ," ಎಂದಳು ಚನ್ನಾಜಮ್ಮ. "ಇದು ನಮ್ ಗದ್ದೆ. ಯಾರ್ಗೂ ಯೋಳ್ಬ್ಯಾಡ."

ನಯನಳ ಕಣ್ಣಲ್ಲಿ ನೀರು ಬಂತು. ಚನ್ನಾಜಮ್ಮನ ಎರಡೂ ಕೈಗಳನ್ನು ಹಿಡಿದುಕೊಂಡಳು. ಜ್ವರ ಹೇಗೆ ಬಂತು, ಯಾವ ಬಟ್ಟೆ ಉಡಿಸಿದ್ದಿರಿ ಎಂದೆಲ್ಲ ಕೇಳಿದಳು. ಹನ್ನೆರಡು ವರ್ಷದಲ್ಲಿ ಯಾರೂ ಕೇಳದೆ ಇದ್ದದ್ದನ್ನು ಕೇಳಿದವಳು ಅವಳೊಬ್ಬಳೇ. ಎದೆಯ ಭಾರ ಇಳಿದಂತಾಗಿ ಚನ್ನಾಜಮ್ಮ ಮನೆಗೆ ಹೋದಳು.

ಬುಧವಾರ ಅವಳು ಕೆಲಸಕ್ಕೆ ಬಂದಾಗ ನಯನಳ ಮನೆ ಬಾಗಿಲು ಮುಚ್ಚಿತ್ತು. ಕಾವಲಿನವನು ಅವಳನ್ನು ಬಡಾವಣೆಯ ಸಂಘದ ಕೋಣೆಗೆ ಕರೆದೊಯ್ದ. ಅಲ್ಲಿ ಏಳೆಂಟು ಜನ ಕುಳಿತಿದ್ದರು. ಸಂಘದ ಅಧ್ಯಕ್ಷ ಚೆಲುವರಾಜು, ಬ್ಯಾಂಕಿನಿಂದ ನಿವೃತ್ತರಾದವರು, ಮಧ್ಯದ ಕುರ್ಚಿಯಲ್ಲಿದ್ದರು. ಅಮೃತೇಶನೂ ಇದ್ದ, ಅವನು ತಲೆಯೆತ್ತಲಿಲ್ಲ. ನಯನ ಗಂಡನಿಗೆ ಹೇಳಿದ್ದಳು, ಗಂಡ ಸಂಘಕ್ಕೆ ಹೇಳಿದ್ದ. ಸಾಲ ಮಾಡಿ ಕಟ್ಟಿದ ಮನೆ; ಎದುರಿಗೇ ಹೆಣವಿದೆ ಎಂದು ಗೊತ್ತಾದರೆ ನಾಳೆ ಯಾರು ಕೊಳ್ಳುತ್ತಾರೆ ಎಂಬುದು ಅವನ ಚಿಂತೆ. ಅದು ಅರವತ್ತು ಮನೆಯವರ ಚಿಂತೆಯೂ ಆಗಲು ಒಂದೇ ದಿನ ಸಾಕಾಯಿತು.

ಚೆಲುವರಾಜು ದನಿ ಏರಿಸದೆ ಮಾತಾಡಿದರು. ನಿಮ್ಮ ಮೇಲೆ ಯಾರಿಗೂ ಸಿಟ್ಟಿಲ್ಲ, ಆದರೆ ಸಣ್ಣ ಮಕ್ಕಳು ಆಡುವ ಜಾಗ. ಪೊಲೀಸು, ತಹಶೀಲ್ದಾರು ಎಂದು ಹೋದರೆ ಎಲ್ಲರ ಮಾನವೂ ಹೋಗುತ್ತದೆ. ಶುಕ್ರವಾರ ಸಿಮೆಂಟ್ ಇಟ್ಟಿಗೆ ಹಾಸಲು ಜೆಸಿಬಿ ಬರುತ್ತದೆ, ಅಷ್ಟರೊಳಗೆ ನೀವೇ ತೆಗೆದುಕೊಂಡು ಹೋದರೆ ಮರ್ಯಾದೆ. ಇಷ್ಟು ಹೇಳಿ ಅವರು ನೀರು ಕುಡಿದರು.

ಚನ್ನಾಜಮ್ಮ ನಟರಾಜ್ ಕೊಟ್ಟ ಮಾತನ್ನು ಹೇಳಿದಳು. ಅವರು ಫೈಲಿನಿಂದ ಒಂದು ಕಾಗದ ತೆಗೆದು ಅವಳ ಮುಂದಿಟ್ಟರು. ಅವಳಿಗೆ ಓದು ಬರದು. ಕೆಳಗಿದ್ದ ಬಸವಯ್ಯನ ಸಹಿ ಮಾತ್ರ ಗುರುತು ಸಿಕ್ಕಿತು.

ಮನೆಗೆ ಬಂದು ಗಂಡನನ್ನು ಕೇಳಿದಳು. ಆಟೋದ ಟಯರಿಗೆ ಗಾಳಿ ಹೊಡೆಯುತ್ತಿದ್ದ ಬಸವಯ್ಯ ಪಂಪು ನಿಲ್ಲಿಸಿದ.

"ಬರ್ಕೊಟ್ಟಿವ್ನಿ ಕಣಮ್ಮಿ. ಜಮೀನಲ್ಲಿ ಸಮಾದಿ ಗಿಮಾದಿ ಯಾವ್ದೂ ಇಲ್ಲ ಅಂತ. ಇಲ್ದಿದ್ರೆ ಲೇಔಟ್ ಪಾಸಾಗ್ತಿರ್ಲಿಲ್ಲ."

"ನಂಗ್ಯಾಕ್ ಯೋಳ್ಲಿಲ್ಲ?"

"ಯೋಳಿದ್ರೆ ಎಬ್ಬೆಟ್ಟು ಒತ್ತುತಿದ್ಯಾ ನೀನು?"

ಅವನು ಮತ್ತೆ ಪಂಪು ಒತ್ತತೊಡಗಿದ. ಚನ್ನಾಜಮ್ಮ ಒಳಗೆ ಹೋಗಿ ಒಂದು ಬಿಳಿಯ ಬಟ್ಟೆ ಹುಡುಕಿ ತೆಗೆದಿಟ್ಟಳು. ಅತ್ತರೆ ಅವನಿಗೆ ಸುಲಭವಾಗಿಬಿಡುತ್ತದೆ ಎನ್ನಿಸಿ ಅಳಲಿಲ್ಲ.

ಗುರುವಾರ ಬೆಳಿಗ್ಗೆ ಇಬ್ಬರೂ ಆಟೋದಲ್ಲಿ ಬಂದರು. ಬಸವಯ್ಯ ಗುದ್ದಲಿ ಎತ್ತಿದಾಗ ಅವಳು ಅದನ್ನು ಕಿತ್ತಿಟ್ಟಳು. ಗಿಡ ಕಡಿಯುವುದಷ್ಟೇ ಅವನ ಕೆಲಸವಾಯಿತು. ಉಳಿದದ್ದನ್ನು ಅವಳು ಕುಡುಗೋಲಿನಲ್ಲಿ ಕೆದರಿ, ಕೈಯಲ್ಲಿ ಬಾಚಿ ತೆಗೆದಳು. ಕಣಗಿಲೆಯ ಬೇರು ಒಳಗೆಲ್ಲ ಹೆಣೆದುಕೊಂಡಿತ್ತು. ಬೇರು ಯಾವುದು, ಮೂಳೆ ಯಾವುದು ಎಂದು ಬಿಡಿಸಲು ಮಧ್ಯಾಹ್ನವಾಯಿತು. ಸುತ್ತಲ ಮನೆಗಳ ಕಿಟಕಿಗಳೆಲ್ಲ ಮುಚ್ಚಿದ್ದವು. ಒಂದು ಮನೆಯವರು ಬಾಲ್ಕನಿಯಿಂದ ಫೋನಿನಲ್ಲಿ ಚಿತ್ರ ಹಿಡಿದರು. ಸಣ್ಣ ಲಿಂಗ ಸಿಕ್ಕಿತು. ಒಂದು ಹಸಿರು ಪ್ಲಾಸ್ಟಿಕ್ ಬಳೆ ಹನ್ನೆರಡು ವರ್ಷವಾದರೂ ಬಣ್ಣ ಕಳೆದುಕೊಳ್ಳದೆ ಹಾಗೇ ಇತ್ತು.

ಅವಳು ತಂದಿದ್ದ ಬಿಳಿಯ ಬಟ್ಟೆ ಸಾಲಲಿಲ್ಲ. ಆಗ ಕಾವಲಿನವನು ಇಪ್ಪತ್ತೆರಡನೆಯ ಮನೆಯಿಂದ ಒಂದು ರಟ್ಟಿನ ಡಬ್ಬ ತಂದುಕೊಟ್ಟ. ಮೇಲೆ ಮಿಕ್ಸಿಯ ಚಿತ್ರವಿತ್ತು. ಅಕ್ಕಾವ್ರು ಕೊಟ್ರು ಎಂದ.

ಅಲ್ಲಿಂದ ತಮ್ಮವರ ರುದ್ರಭೂಮಿಗೆ ಹೋದರು. ಅಲ್ಲಿನ ಮೇಲ್ವಿಚಾರಕ ಒಳ್ಳೆಯ ಮಾತಿನ ಮನುಷ್ಯ. ಊರು ಇಷ್ಟು ಬೆಳೆದರೂ ಜಾಗ ಅಜ್ಜನ ಕಾಲದ್ದೇ, ಹಳೆಯ ಸಮಾಧಿಗಳನ್ನೇ ಅಗೆದು ಹೊಸಬರನ್ನು ಇಡುತ್ತಿದ್ದೇವೆ ಎಂದು ಕೈಯಾಡಿಸಿ ತೋರಿಸಿದ. ಒಂದು ಸಲ ಮಣ್ಣಾದವರಿಗೆ ಎರಡನೇ ಸಲ ಜಾಗ ಕೊಡಲು ಬರುವುದಿಲ್ಲ. ಮರಣ ಪ್ರಮಾಣಪತ್ರ ಇದೆಯಾ ಎಂದು ಕೇಳಿದ. ಇರಲಿಲ್ಲ. ಡಬ್ಬವನ್ನು ಗೇಟಿನಿಂದ ಆಚೆಯೇ ಇಟ್ಟುಕೊಳ್ಳಿ ಎಂದ.

ಚನ್ನಾಜಮ್ಮನಿಗೆ ಉಳಿದದ್ದು ತವರು. ಟಿ. ನರಸೀಪುರದ ಆಚೆ ಹೆಮ್ಮಿಗೆಯಲ್ಲಿ ಅವಳ ತಮ್ಮ ಚಿಕ್ಕಸ್ವಾಮಿಗೆ ಎರಡು ಎಕರೆ ಇತ್ತು. ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಆಟೋದ ಹಿಂಬದಿಯಲ್ಲಿ ಕುಳಿತಳು. ದಾರಿಯುದ್ದಕ್ಕೂ ಗದ್ದೆಗಳ ನಡುವೆ ಬಣ್ಣದ ಕಲ್ಲುಗಳು, ಸೈಟು ಮಾರಾಟಕ್ಕಿದೆ ಎಂಬ ಬೋರ್ಡುಗಳು. ಚಿಕ್ಕಸ್ವಾಮಿ ಅಕ್ಕನಿಗೆ ನೀರು ಕೊಟ್ಟ, ಕುಳ್ಳಿರಿಸಿದ, ಎಲ್ಲ ಕೇಳಿಸಿಕೊಂಡ. ಆಮೇಲೆ ನೆಲ ನೋಡುತ್ತ ಹೇಳಿದ.

"ತಪ್ಪು ತಿಳ್ಕಬ್ಯಾಡ ಅಕ್ಕ. ಇಲ್ಗೂ ಸೈಟ್ ಮಾಡೋರು ಬಂದು ನೋಡ್ಕಂಡ್ ಓಗವ್ರೆ. ಈಗ ಒಂದು ಸಮಾದಿ ಮಾಡ್ಬುಟ್ರೆ ನಾಳೆ ನಂಗೂ ಇದೇ ಗತಿ ಅಲ್ವಾ?"

ಅಕ್ಕ ಉಣ್ಣದೆ ಎದ್ದಳು. ಅವನು ಆಟೋವರೆಗೂ ಬಂದ, ಡಬ್ಬವನ್ನು ಮುಟ್ಟಲಿಲ್ಲ.

ವಾಪಸು ಬರುವಾಗ ನರಸೀಪುರದ ಸಂಗಮದಲ್ಲಿ ಬಸವಯ್ಯ ಆಟೋ ನಿಲ್ಲಿಸಿದ. ಬೇರೆ ದಾರಿ ಕಾಣುವುದಿಲ್ಲ ಎಂದ. ಅವಳೂ ಇಲ್ಲ ಎನ್ನಲಿಲ್ಲ. ಸುಟ್ಟವರ ಬೂದಿ ಬಿಡಲು ಬಂದವರು ಸೋಪಾನದ ಮೇಲೆ ಸಾಲಾಗಿ ಕುಳಿತಿದ್ದರು. ಅವರ ಸರದಿ ಮುಗಿಯುವ ತನಕ ಕಾದು, ಮೊಣಕಾಲುದ್ದ ನೀರಿಗಿಳಿದು, ಚನ್ನಾಜಮ್ಮ ಮಗಳನ್ನು ಹಿಡಿ ಹಿಡಿಯಾಗಿ ಬಿಟ್ಟಳು. ಹೂತರೆ ಒಂದು ಜಾಗ ಅಂತ ಇರುತ್ತದೆ, ಹೋಗಿ ಕೂರಬಹುದು ಎಂದು ಅಂದು ಮಣ್ಣು ಮಾಡಿಸಿದ್ದವಳು ಅವಳು. ಕಪಿಲೆಯ ನೀರು ಎಲ್ಲವನ್ನೂ ಬೇಗ ಬೇಗ ಕಾವೇರಿಯ ಕಡೆಗೆ ತೆಗೆದುಕೊಂಡು ಹೋಯಿತು. ಪ್ಲಾಸ್ಟಿಕ್ ಬಳೆ ಮಾತ್ರ ತೇಲಿ ದಡಕ್ಕೆ ಬಂತು. ಎರಡು ಸಲ ತಳ್ಳಿದ ಮೇಲೆ ಹೋಯಿತು.

ಶನಿವಾರ ನಯನ ಫೋನು ಮಾಡಿದಳು. ಆದದ್ದಾಯಿತು, ಇನ್ನು ಯಾವ ಮುಜುಗರವೂ ಬೇಡ, ಸೋಮವಾರದಿಂದ ಬಂದುಬಿಡಿ, ಇಂಚರ ನಿಮ್ಮನ್ನೇ ಕೇಳುತ್ತಾಳೆ ಎಂದಳು. ಕೆಲಸದವರು ಸಿಗುವುದು ಕಷ್ಟ ಎಂಬುದೂ ಆ ದನಿಯಲ್ಲಿತ್ತು. ಹೋಗಬಾರದು ಎಂದುಕೊಂಡೇ ಚನ್ನಾಜಮ್ಮ ಸೋಮವಾರ ಹೋದಳು. ಕಾಲು ತಾನಾಗೇ ಅತ್ತ ನಡೆಯಿತು.

ಮೂಲೆಯಲ್ಲಿ ಕೆಂಪು ಇಟ್ಟಿಗೆ ಹಾಸಿ ಉಯ್ಯಾಲೆ ನಿಲ್ಲಿಸಿದ್ದರು. ನಯನ ಬಾಗಿಲಲ್ಲೇ ನಿಂತು, ಈಗ ನಿಮಗೂ ನಿರಾಳ ಆಯ್ತಲ್ಲ, ಎಷ್ಟಂದರೂ ನದಿಗೆ ಸೇರಿದರೆ ಆತ್ಮಕ್ಕೆ ಶಾಂತಿ ಎಂದಳು. ಚನ್ನಾಜಮ್ಮ ಊಂ ಎಂದು ಪಾತ್ರೆ ತೊಳೆಯಲು ಕುಳಿತಳು. ನಯನ ಶಾಲೆಗೆ ಹೋದಳು. ಅಂದು ಇಂಚರಳಿಗೆ ರಜೆ. ಅದು ಕುರ್ಚಿಯಲ್ಲಿ ಕುಳಿತು ಕಾಲಾಡಿಸುತ್ತ, ಅಕ್ಕ ಎಲ್ಲಿಗೆ ಹೋದಳು ಅಜ್ಜಿ ಎಂದು ಕೇಳಿತು.

ಹೊಳೆಗೆ ಹೋದಳು ಎಂದರೆ ಮುಗಿಯುತ್ತಿತ್ತು. ಹಾಗೆಂದೇ ಹೇಳಲು ಅವಳು ಬಾಯಿ ತೆರೆದಳು. ಬಂದದ್ದೇ ಬೇರೆ.

"ನಿಮ್ಮಮ್ಮ ಅವ್ಳನ್ನ ಅಲ್ಲಿಂದ ಎಬ್ಬುಸ್ಬುಟ್ರಲ್ಲ ಪುಟ್ಟಿ. ಓಗಕ್ಕೆ ಅವ್ಳಿಗೆ ಬ್ಯಾರೆ ಜಾಗ ಇಲ್ಲ. ಈಗ ನಿನ್ ಮಂಚದ್ ಕೆಳ್ಗೆ ಬಂದು ಮಲಗವ್ಳೆ."

ಮಗು ಅಳಲಿಲ್ಲ. ಆಡಿಸುತ್ತಿದ್ದ ಕಾಲುಗಳನ್ನು ನಿಧಾನವಾಗಿ ಕುರ್ಚಿಯ ಮೇಲಕ್ಕೆ ಎತ್ತಿಕೊಂಡಿತು.

ಆ ಕ್ಷಣ ಚನ್ನಾಜಮ್ಮನಿಗೆ ಹಾಯೆನಿಸಿತು. ಹನ್ನೆರಡು ವರ್ಷದಲ್ಲಿ ಯಾರಿಗೂ ತಾಕಿಸಲಾಗದ್ದನ್ನು ಕೊನೆಗೂ ತಾಕಿಸಿದಂತೆ. ಮಿಕ್ಕ ಪಾತ್ರೆಗಳನ್ನು ತೊಳೆದು, ಒರೆಸಿ, ಜೋಡಿಸಿ, ಪಕ್ಕದ ಮನೆಯಾಕೆಗೆ ಮಗುವನ್ನು ಒಪ್ಪಿಸಿ ಹೊರಟಳು. ಮರುದಿನ ಕೆಲಸಕ್ಕೆ ಹೋಗಲಿಲ್ಲ.

ಗುರುವಾರದ ಹೊತ್ತಿಗೆ ನಯನ ಫೋನಿನಲ್ಲಿ ಅಳುತ್ತಿದ್ದಳು. ಇಂಚರ ಕೋಣೆಯ ನೆಲಕ್ಕೆ ಕಾಲಿಡುತ್ತಿಲ್ಲ, ಊಟ ಬಿಟ್ಟಿದೆ, ಮೈ ಕೆಂಡವಾಗಿದೆ. ಬಂದು ಅದೆಲ್ಲ ಸುಳ್ಳು ಅಂತ ಒಂದು ಮಾತು ಹೇಳಿಹೋಗಿ ಎಂದು ಗೋಗರೆದಳು. ಮೈ ಕೆಂಡವಾಗಿದೆ ಎಂದು ಕೇಳಿದಾಗ ಚನ್ನಾಜಮ್ಮನಿಗೆ ಅರ್ಪಿತಳ ಆ ಮೂರು ದಿನ ನೆನಪಾಯಿತು. ಆದರೂ ಪಟ್ಟು ಸಡಿಲಿಸಲಿಲ್ಲ.

"ನಾನ್ಯಾಕವ್ವ ಸುಳ್ಳು ಅನ್ಲಿ," ಎಂದು ಫೋನಿಟ್ಟಳು.

ಇಡೀ ದಿನ ಅದೇ ಕುರ್ಚಿ, ಅದೇ ಎರಡು ಪುಟ್ಟ ಕಾಲುಗಳು ಕಣ್ಣ ಮುಂದೆ ಬಂದವು. ಮರುದಿನ ಬೆಳಿಗ್ಗೆ ಹೇಳಿಯೇ ಬಿಡೋಣ ಎಂದು ಹೊರಟಳು. ಗೇಟಿನಲ್ಲಿ ಕಾವಲಿನವನು ಅಡ್ಡ ನಿಂತ. ಅವಳನ್ನು ಒಳಗೆ ಬಿಡಬಾರದೆಂದು ಸಂಘದವರು ಬರೆದು ಅಂಟಿಸಿದ್ದರು. ಫೋನು ಮಾಡಿದರೆ ನಯನ ಎತ್ತಲಿಲ್ಲ. ತಿಂಗಳೊಳಗೆ ಇಪ್ಪತ್ತೆರಡನೆಯ ಮನೆಯ ಮುಂದೆ ಮಾರಾಟಕ್ಕಿದೆ ಎಂಬ ಬೋರ್ಡು ಬಿತ್ತು. ನೋಡಲು ಬಂದವರು ಅಂಗಡಿಯಲ್ಲಿ ವಿಚಾರಿಸಿ ವಾಪಸು ಹೋಗುತ್ತಿದ್ದರಂತೆ. ಅದನ್ನು ಕೇಳಿ ಚನ್ನಾಜಮ್ಮನಿಗೆ ಖುಷಿಯೂ ಆಗಲಿಲ್ಲ.

ಆಮೇಲೆ ಒಮ್ಮೆ, ರಸ್ತೆ ಬದಿಯಲ್ಲಿ ಬಸ್ಸಿಗೆ ನಿಂತಿದ್ದಾಗ, ಶಾಲೆಯ ವ್ಯಾನು ಎದುರು ಬಂದು ನಿಂತಿತು. ಕಿಟಕಿಯಲ್ಲಿ ಇಂಚರ ಕುಳಿತಿದ್ದಳು, ಸೊರಗಿಹೋಗಿದ್ದಳು. ಚನ್ನಾಜಮ್ಮ ಕೈಯೆತ್ತಿ, ಪುಟ್ಟೀ, ನಾನು ಅವತ್ತು ಹೇಳಿದ್ದು ಸುಳ್ಳು ಎಂದು ಕೂಗಿದಳು. ಹಾರನ್ನುಗಳ ನಡುವೆ ಅದು ಕೇಳಿಸಿತೋ ಇಲ್ಲವೋ. ಮಗು ಅವಳನ್ನು ದಿಟ್ಟಿಸಿ ನೋಡಿತು. ಆಮೇಲೆ ಮೆಲ್ಲಗೆ ಬಗ್ಗಿ ಸೀಟಿನ ಕೆಳಗೆ ಇಣುಕಿತು.