ಎಡಗಡೆಯ ಸೇತುವೆ

ಮರದ ಮಿಲ್ಲಿನ ಯಜಮಾನನನ್ನು ಸುತ್ತಲಿನವರೆಲ್ಲ ಭಾವ ಎಂದೇ ಕರೆಯುತ್ತಿದ್ದರು. ಅವನ ಹೆಂಡತಿಯ ತಮ್ಮ ಹಾಗೆ ಕರೆಯುತ್ತಿದ್ದುದು ಕ್ರಮೇಣ ಎಲ್ಲರ ಬಾಯಿಗೂ ಹತ್ತಿತ್ತು. ಆ ತಮ್ಮ ಎಲ್ಲರಿಗೂ ಭಾಮೈದನಾಗಿದ್ದ. ಗರಗಸದ ಮುಂದೆ ನಿಂತು ದಿಮ್ಮಿ ತಳ್ಳುವವನು ಭಾವ, ಹಿಂದೆ ನಿಂತು ಹಲಗೆ ಎಳೆದುಕೊಳ್ಳುವವನು ಭಾಮೈದ. ಗರಗಸದ ಚಕ್ರ ಭಾವನ ಎಡಕ್ಕೆ, ಮೊಳಕೈಯಿಂದ ಗೇಣು ದೂರದಲ್ಲಿ ತಿರುಗುತ್ತಿತ್ತು. ಅದರ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲವಾದ್ದರಿಂದ ಇಬ್ಬರೂ ಗಲ್ಲದ ಸನ್ನೆಯಲ್ಲೇ ಕೆಲಸ ಸಾಗಿಸುತ್ತಿದ್ದರು.

ಊಟವಾದ ಮೇಲೆ ಸಾಣೆಯವನು ಬಂದು ಗರಗಸದ ಹಲ್ಲುಗಳನ್ನು ಒಂದೊಂದಾಗಿ ಅರದಿಂದ ಉಜ್ಜುತ್ತಿದ್ದ. ಆ ಬಿಡುವಿನಲ್ಲಿ ಕಚೇರಿ ಕೋಣೆಯ ಟೀವಿಯ ಮುಂದೆ ಯುದ್ಧ ನಡೆಯುತ್ತಿತ್ತು. ಅದು ಟೀವಿಗೆ ಜೋಡಿಸಿ ಆಡುವ, ಜಪಾನಿನವರು ಮಾಡಿದ ವಿಡಿಯೊ ಆಟ. ಬಂದರಿನಿಂದ ಸರಕು ತರುತ್ತಿದ್ದ ಲಾರಿ ಡ್ರೈವರೊಬ್ಬ ಹಳೆಯ ಸಾಮಾನಿನ ಜೊತೆ ಮೊದಲನೆಯದನ್ನು ತಂದುಕೊಟ್ಟಾಗ ಭಾವನ ಮೀಸೆ ಇನ್ನೂ ಕಪ್ಪಗಿತ್ತು. ಆಮೇಲೆ ಅದೇ ಸರಣಿಯಲ್ಲಿ ಎರಡನೆಯದು, ಮೂರನೆಯದು ಎಂದು ಬರುತ್ತಲೇ ಇದ್ದವು. ಯಂತ್ರ ಬದಲಾಯಿತು, ಟೀವಿ ಬದಲಾಯಿತು, ಟ್ಯಾಂಕುಗಳಿಗೆ ನೆರಳು ಬಂತು, ಹೊಗೆ ಬಂತು. ಆಟ ಮಾತ್ರ ಅದೇ. ಜೇನುಹುಟ್ಟಿನ ಹಾಗೆ ಆರು ಮೂಲೆಯ ಮನೆಗಳ ನಕ್ಷೆ, ಅದರ ಮೇಲೆ ಕಾಲಾಳು, ಟ್ಯಾಂಕು, ಫಿರಂಗಿ, ಎಣ್ಣೆ ಲಾರಿ. ಒಬ್ಬ ತನ್ನ ಪಡೆಯನ್ನೆಲ್ಲ ಸರಿಸಿ ಮುಗಿಸುವ ತನಕ ಇನ್ನೊಬ್ಬ ಕೈಕಟ್ಟಿ ಕೂರಬೇಕು. ಎದುರಾಳಿಯ ರಾಜಧಾನಿಗೆ ಕಾಲಾಳು ನುಗ್ಗಿದರೆ ಆಟ ಮುಗಿಯಿತು.

ಜಪಾನಿ ಅಕ್ಷರ ಇಬ್ಬರಿಗೂ ಬಾರದು. ಆಕಾರ ನೋಡಿ ಹೆಸರಿಟ್ಟುಕೊಂಡಿದ್ದರು. ಏಣಿಯಂತಿದ್ದರೆ ನಡೆ, ಕೊಡಲಿಯಂತಿದ್ದರೆ ಹೊಡೆ, ಮುರುಕು ಬಾಗಿಲಿನಂತಿದ್ದರೆ ಎಣ್ಣೆ ತುಂಬು. ಒಂದು ಅಕ್ಷರವನ್ನು ಒತ್ತಿದಾಗ ಒಮ್ಮೆ ಇಡೀ ಪಡೆಯೇ ಮಾಯವಾಗಿತ್ತು. ಅದಕ್ಕೆ ಭಾವ ‘ಮಾವನವರು’ ಎಂದು ಹೆಸರಿಟ್ಟ. ತನ್ನ ಅಪ್ಪ ಅಂಥದ್ದೇನು ಮಾಡಿದರೆಂದು ಭಾಮೈದ ಕೇಳಿದ್ದಕ್ಕೆ, “ಮಗಳ ಜೊತೆ ನಿನ್ನನ್ನೂ ಕಳಿಸಿದ್ರಲ್ಲಪ್ಪ, ಸಾಲದಾ?” ಎಂದಿದ್ದ.

ಅಷ್ಟು ವರ್ಷಗಳಲ್ಲಿ ಭಾಮೈದ ಗೆದ್ದದ್ದು ಇಲ್ಲವೆಂದೇ ಹೇಳಬೇಕು.

ಚಳಿ ಮುಗಿಯುವ ಹೊತ್ತಿಗೆ ಭಾವನ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ಕೆಲಕಾಲ ಆಸ್ಪತ್ರೆ, ಆಮೇಲೆ ಹಾಸಿಗೆ, ಆಮೇಲೆ ಕೋಲು. ಹೊಲಗಳಲ್ಲಿ ಬಿತ್ತನೆ ಮುಗಿದು ಪೈರು ಮೊಣಕಾಲೆತ್ತರ ಬರುವಷ್ಟರಲ್ಲಿ ಕೋಲೂ ಮೂಲೆ ಸೇರಿತು. ಎಡಗೈಗೆ ಹಿಡಿತ ಮರಳಿತು. ಮತ್ತೆ ಬಂದು ತೋರಿಸಿ ಎಂದಿದ್ದ ಡಾಕ್ಟರ ಬಳಿಗೆ ಅವನು ಹೋಗಲಿಲ್ಲ. ಮೈ ನೆಟ್ಟಗಿರುವಾಗ ಯಾಕೆ ಎಂದ. ಮಿಲ್ಲು ಅಷ್ಟು ದಿನವೂ ನಿಂತೇ ಇತ್ತು. ಭಾವನ ಜಾಗದಲ್ಲಿ ನಿಲ್ಲಲು ಭಾಮೈದನಿಗೆ ಮನಸ್ಸು ಬಂದಿರಲಿಲ್ಲ. ಭಾವ ಬೀಳುವುದನ್ನೇ ಇವನು ಕಾಯುತ್ತಿದ್ದ ಎಂದು ನಾಲ್ಕು ಜನ ಆಡಿಕೊಳ್ಳುವುದು ಖಂಡಿತವಿತ್ತು.

ಬರುವ ವಾರ ಮಿಲ್ಲು ತೆರೆದು ಗರಗಸಕ್ಕೆ ನಿಲ್ಲುತ್ತೇನೆಂದು ಭಾವ ಹಟ ಹಿಡಿದಾಗ, ಅಕ್ಕ ತಮ್ಮನನ್ನು ಹಿತ್ತಲಿಗೆ ಕರೆದಳು. ಒಗೆದ ಬಟ್ಟೆ ಹಿಂಡುತ್ತಲೇ ಮಾತಾಡಿದಳು. ಗಂಡ ಚೆನ್ನಾಗಿ ಮಾತಾಡುತ್ತಾರೆ, ಲೆಕ್ಕ ತಪ್ಪುವುದಿಲ್ಲ, ತನ್ನ ಮೇಲೆ ರೇಗುವುದೂ ಮೊದಲಿನಂತೆಯೇ ಶುರುವಾಗಿದೆ. ಊಟದಲ್ಲಿ ಮಾತ್ರ ಹೊಸ ತಕರಾರು: ತಟ್ಟೆಯಲ್ಲಿ ಅರ್ಧ ಹಾಗೇ ಬಿಟ್ಟು ಇನ್ನೂ ಬಡಿಸು ಅನ್ನುತ್ತಾರೆ.

“ಆದ್ರೆ ತಲೆ ಒಳಗೆ ಏನಾಗಿದೆಯೋ ನಾನು ಹೇಗೆ ಹೇಳ್ಲಿ?” ಎಂದಳು. “ಅವರ ತಲೆ ಹೇಗೆ ಓಡುತ್ತೆ ಅಂತ ಗೊತ್ತಿರೋನು ನೀನೊಬ್ಬನೇ. ಅವರ ಜೊತೆ ಕೂತು ಆಡು. ಸರಿಯಾಗಿದಾರೆ ಅಂತ ನೀನು ಹೇಳಿದ್ರೆ ಕಳಿಸ್ತೀನಿ. ಇಲ್ಲ ಅಂದ್ರೆ ಬಾಗಿಲಿಗೆ ಅಡ್ಡ ಮಲಗ್ತೀನಿ.”

ಸರಿಯಿಲ್ಲ ಎಂದರೆ ಆ ಜಾಗಕ್ಕೆ ಹೋಗಬೇಕಾದವನು ತಾನೇ. ಸರಿಯಿದ್ದಾರೆ ಎಂದು ಕಳಿಸಿ, ಸರಿಯಿಲ್ಲದೆ ಹೋದರೆ ಹೋಗುವುದು ಭಾವನ ಕೈ. ಭಾಮೈದ ಹೂಂ ಎಂದು ಹೊರಟ.

ಮರುದಿನ ಇಬ್ಬರೂ ಧೂಳು ಹಿಡಿದ ಕಚೇರಿ ಕೋಣೆಯಲ್ಲಿ ಕೂತರು. ಸರಣಿಯ ಮೂರನೆಯದನ್ನು ಹಾಕಿದರು. ಅದರ ಒಂದು ನಕ್ಷೆ ಟೀವಿಯಲ್ಲಿ ಒಂದೇ ನೋಟಕ್ಕೆ ಹಿಡಿಯುವಂಥದ್ದು: ಬಲಕ್ಕೆ ಬೆಟ್ಟದ ದಾರಿ, ಎಡಕ್ಕೆ ನದಿ, ನದಿಗೊಂದು ಸೇತುವೆ. ಇಬ್ಬರಿಗೂ ಅದು ಮನೆಯ ಅಂಗಳದಷ್ಟು ಪರಿಚಯ. ಭಾವ ಎಂದಿನಂತೆ ಮೊದಲು ಎಣ್ಣೆ ಲಾರಿಗಳನ್ನು ಸರಿಸಿದ, ಆಮೇಲೆ ಫಿರಂಗಿ, ಕೊನೆಗೆ ಟ್ಯಾಂಕು. ಭಾಮೈದ ಬೆಟ್ಟದ ದಾರಿಯಲ್ಲಿ ನುಗ್ಗಿದ. ಭಾವ ಅವನನ್ನು ಒಳಕ್ಕೆ ಬಿಟ್ಟುಕೊಂಡು, ಟ್ಯಾಂಕುಗಳ ಎಣ್ಣೆ ಮುಗಿಯುವ ತನಕ ಕಾದು, ಮೂರು ಕಡೆಯಿಂದ ಹೊಡೆದ.

“ಎತ್ತು ಮನೇಲಿ ಬಿಟ್ಟು ಬಂಡಿ ಹೊಡ್ಕೊಂಡು ಬಂದಿದೀಯಲ್ಲೋ,” ಎಂದ.

ಭಾಮೈದನಿಗೆ ಎದೆ ಹಗುರಾಯಿತು. ಸಂಜೆ ಅಕ್ಕನಿಗೆ ಹೇಳುವುದೇ ಎಂದುಕೊಂಡು, ಭಾವನನ್ನು ಆಟೋದಲ್ಲಿ ಮುಂದೆ ಕಳಿಸಿ ಸೈಕಲ್ ಹತ್ತಿದ. ಹೊಲದ ಬದುವಿನ ದಾರಿಯಲ್ಲಿ ಅರ್ಧ ಬಂದವನಿಗೆ ಒಂದು ಸಂಗತಿ ನೆನಪಾಯಿತು. ಆಟದ ಶುರುವಿಗೆ ಅವನು ಒಬ್ಬ ಕಾಲಾಳನ್ನು ಸೇತುವೆಯ ಮೇಲೆ ನಿಲ್ಲಿಸಿದ್ದ. ಆಮೇಲೆ ಅವನನ್ನು ಮರೆತೇಬಿಟ್ಟಿದ್ದ. ಆಟ ಮುಗಿದಾಗಲೂ ಆ ಕಾಲಾಳು ಅಲ್ಲೇ ನಿಂತಿದ್ದ, ಭಾವನ ಫಿರಂಗಿಯ ಎದುರಿಗೇ. ಬೇಲಿ ದಾಟಿದ ಕೋಳಿಯನ್ನೂ ಬಿಡದ ಮನುಷ್ಯ ಅವನನ್ನು ಹೊಡೆದಿರಲಿಲ್ಲ. ಭಾಮೈದ ಸೈಕಲ್ ಇಳಿದು ತಳ್ಳಿಕೊಂಡು ನಡೆದ. ಅಕ್ಕನ ಮನೆ ತಲುಪಿದಾಗ ಭಾವ ಊಟಕ್ಕೆ ಕೂತಿದ್ದ. ತಟ್ಟೆಯ ಬಲ ಅರ್ಧ ಒರೆಸಿದಷ್ಟು ಚೊಕ್ಕಟವಾಗಿತ್ತು. ಎಡ ಅರ್ಧ ಬಡಿಸಿದಂತೆಯೇ ಇತ್ತು. ಅಕ್ಕ ಕಣ್ಣಲ್ಲೇ ಕೇಳಿದಳು. ನಾಳೆ ಇನ್ನೊಂದು ಆಟ ಆಡುವುದಿದೆ ಎಂದಷ್ಟೇ ಅವನು ಹೇಳಿದ.

ಮರುದಿನ ಅದೇ ನಕ್ಷೆ. ಭಾಮೈದ ಹೆಚ್ಚು ಯೋಚಿಸಲಿಲ್ಲ. ತನ್ನ ಪಡೆಯನ್ನೆಲ್ಲ ಬೆಟ್ಟಕ್ಕೆ ಕಳಿಸಿ, ಒಬ್ಬನೇ ಒಬ್ಬ ಕಾಲಾಳನ್ನು ಸೇತುವೆಗೆ ಬಿಟ್ಟ. ಬೆಟ್ಟದಲ್ಲಿ ಅವನ ಟ್ಯಾಂಕುಗಳು ಒಂದರ ಹಿಂದೊಂದು ಉರಿದವು. ಕಾಲಾಳು ಸೇತುವೆ ದಾಟಿ ನದಿಯ ಆಚೆಯ ಪಟ್ಟಣವನ್ನು ಹಿಡಿದ. ಪಟ್ಟಣದ ಬಾವುಟದ ಬಣ್ಣ ಬದಲಾಯಿತು. ಭಾವನ ಕಣ್ಣು ಬೆಟ್ಟದಲ್ಲೇ ಇತ್ತು.

“ಎಡಗಡೆ ನೋಡಿದ್ರಾ ಭಾವ?” ಎಂದು ಭಾಮೈದ ಕೇಳಿದ. ಕೇಳಬಾರದಿತ್ತೇನೋ ಎಂದು ಆಮೇಲೆ ಅನ್ನಿಸಿತು.

“ನೋಡಿದೀನಿ. ಅಲ್ಲೇನಿದೆ?”

ಭಾಮೈದ ಕಾಲಾಳನ್ನು ಇನ್ನೊಂದು ಮನೆ ಮುಂದಕ್ಕೆ ಸರಿಸಿದ. ಭಾವ ಗೆಲುವಿನ ಸಡಗರದಲ್ಲಿ ಬೆಟ್ಟದ ಕೊನೆಯ ಟ್ಯಾಂಕನ್ನೂ ಹೊಡೆದ. ಮುಂದಿನ ಸರದಿಯಲ್ಲಿ ಕಾಲಾಳು ರಾಜಧಾನಿಗೆ ನುಗ್ಗಿದ. ಟೀವಿಯಿಂದ ಗೆದ್ದವರ ಸಂಗೀತ ಬಂತು. ಭಾವ ಅದು ತನ್ನದೇ ಎಂದುಕೊಂಡು ಒಂದು ಗಳಿಗೆ ನಕ್ಕ. ಆಮೇಲೆ ಟೀವಿಯ ತುಂಬ ಹರಡಿದ ಭಾಮೈದನ ಬಾವುಟ ನೋಡಿದ.

“ಇವನು ಎಲ್ಲಿಂದ ಬಂದ?”

“ಸೇತುವೆ ಮೇಲಿಂದ.”

“ಯಾವ ಸೇತುವೆ?”

ಹುಷಾರಿಲ್ಲದವನಿಗೂ ಮೋಸ ಮಾಡುವಷ್ಟು ಕೆಟ್ಟೆಯಾ ಎಂದು ಭಾವ ಬೈದ. ಇಷ್ಟು ವರ್ಷ ಸೋತ ಸೇಡು ತೀರಿಸಿಕೊಳ್ಳಲು ಇದೇ ಸಮಯ ಸಿಕ್ಕಿತಾ ಎಂದ. ಭಾಮೈದ ಹಿಂದಿನ ಸರದಿಯಲ್ಲಿ ಉಳಿಸಿಟ್ಟಿದ್ದ ಆಟವನ್ನು ಮತ್ತೆ ತೆರೆದ. ಎದ್ದು ಬಂದು, ಭಾವ ಕೂತಿದ್ದ ಕುರ್ಚಿಯನ್ನು ಅವನ ಸಮೇತ ಎಡಗಡೆಯ ಗೋಡೆಯತ್ತ ತಿರುಗಿಸಿದ. ಈಗ ಟೀವಿ ಪೂರ್ತಿ ಭಾವನ ಬಲಕ್ಕೆ ಬಂತು.

“ಈಗ ನೋಡಿ.”

ಭಾವ ನೋಡಿದ. ನದಿ ಇತ್ತು. ಸೇತುವೆ ಇತ್ತು. ಪಟ್ಟಣದ ಮೇಲೆ ಭಾಮೈದನ ಬಾವುಟವಿತ್ತು. ಅವನು ಕುರ್ಚಿಯನ್ನು ತಾನೇ ಮೊದಲಿನಂತೆ ತಿರುಗಿಸಿಕೊಂಡ, ನೋಡಿದ, ಮತ್ತೆ ಗೋಡೆಯತ್ತ ತಿರುಗಿದ. ಹೀಗೆ ಎಷ್ಟೋ ಸಲ ಮಾಡಿದ. ಹೊರಗೆ ಅಂಗಳದಲ್ಲಿ ಯಾರದೋ ಟ್ರ್ಯಾಕ್ಟರು ಬಂದು, ಮಿಲ್ಲು ಮುಚ್ಚಿರುವುದನ್ನು ಕಂಡು ವಾಪಸು ಹೋಯಿತು.

“ಇದೆ ಅಂತ ಗೊತ್ತು,” ಎಂದ ಭಾವ. “ಆದ್ರೂ ಹೀಗೆ ಕೂತ್ರೆ ಇಲ್ಲ.”

“ಹೂಂ.”

“ಚಕ್ರ ನನಗೆ ಎಡಕ್ಕೆ.”

“ಹೌದು ಭಾವ.”

“ನಿಮ್ಮಕ್ಕನಿಗೆ ಹೇಳಿದೀಯಾ?”

“ಇಲ್ಲ.”

“ಹೇಳ್ಬೇಡ. ನಾನೇ ಹೇಳ್ತೀನಿ. ನೀನು ಹೇಳಿದ್ರೆ ನನ್ನ ಜಾಗ ಹೊಡ್ಕೊಂಡೆ ಅಂತಾರೆ ಜನ.”

ಆ ವಾರ ಅಕ್ಕ ಗಂಡನನ್ನು ಡಾಕ್ಟರ ಬಳಿಗೆ ಕರೆದೊಯ್ದಳು. ಡಾಕ್ಟರು ಒಂದು ಗೆರೆ ಎಳೆದು ಅದರ ನಡುವನ್ನು ಗುರುತಿಸಲು ಹೇಳಿದರು. ಭಾವ ಬಲ ತುದಿಯ ಹತ್ತಿರ ಗುರುತು ಹಾಕಿದ. ಕಣ್ಣು ಸರಿಯಿದೆ, ಮೆದುಳೇ ಎಡಗಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ, ಅಭ್ಯಾಸದಿಂದ ಸ್ವಲ್ಪ ಸುಧಾರಿಸಬಹುದು, ಗರಗಸದ ಮಾತು ಸದ್ಯಕ್ಕೆ ಬೇಡ ಎಂದರು. ಭಾವ ವಾದ ಮಾಡಲಿಲ್ಲ.

ಮಿಲ್ಲು ತೆರೆದ ದಿನ ಭಾಮೈದ ಮುಂದೆ ನಿಂತ. ಹಿಂದೆ ಹಲಗೆ ಎಳೆಯಲು ಸಾಣೆಯವನನ್ನು ಒಪ್ಪಿಸಿದ್ದರು. ಭಾವ ಗರಗಸ ತನ್ನ ಬಲಕ್ಕೆ ಬರುವ ಹಾಗೆ, ದೂರದಲ್ಲಿ ಒಂದು ದಿಮ್ಮಿಯ ಮೇಲೆ ಕೂತ. ಮೊದಲ ಹಲಗೆ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳ್ಳಗೆ ಬಂತು. ಭಾವ ಅದನ್ನು ತರಿಸಿಕೊಂಡು ಅಂಚಿನ ಉದ್ದಕ್ಕೂ ಹೆಬ್ಬೆರಳು ಸವರಿದ. ಅದನ್ನು ಸೌದೆಯ ರಾಶಿಗೆ ಹಾಕಿಸಿ, ಮುಂದಿನ ದಿಮ್ಮಿ ಎತ್ತಿ ಎಂದು ಗಲ್ಲದಲ್ಲೇ ಸನ್ನೆ ಮಾಡಿದ.