ಚರ್ಚಾಸ್ಪರ್ಧೆಗೆ ಬಂದ ಸಾಕ್ಷಿ

ಮೈಕು ಕುಯ್ಯೆಂದು ಸುಮ್ಮನಾಯಿತು, ಹಿಂದೆಯೇ ಮಗಳ ದನಿ, ಬಂದೂಕಿನ ನೆರಳಲ್ಲಿ ಹಾಕಿದರೂ ವೋಟು ವೋಟೇ — ಅಬ್ಬಾ, ಮೇಘನಾ ಎಷ್ಟು ಚೆನ್ನಾಗಿ ಮಾತಾಡುತ್ತಾಳೆ, ಚೀಟಿ ಎತ್ತಿದಾಗ ಪರ ಅಂತ ಬಂತಂತೆ, ಸೇನೆ ಕಳಿಸಿ ಪರದೇಶದಲ್ಲಿ ಪ್ರಜಾಪ್ರಭುತ್ವ ತರುವುದು ಸರಿ ಅಂತ ವಾದಿಸಬೇಕಂತೆ, ರಾಮನಗರದ ಈ ಕಾಲೇಜಿನ ಸಭಾಂಗಣದಲ್ಲಿ ಕೂತ ಮಕ್ಕಳು ಇರಾಕಿನ ಯುದ್ಧ ಶುರುವಾದಾಗ ಹುಟ್ಟೇ ಇರಲಿಲ್ಲ, ಬೆನ್ನು ಬೆವರುತ್ತಿರುವುದು ಗುರುಸಿದ್ದಯ್ಯನೊಬ್ಬನಿಗೇ, ಫ್ಯಾನಿನ ಕೆಳಗೇ ಕೂತಿದ್ದಾನೆ, ಆದರೂ. ಬೆಳಿಗ್ಗೆ ಹೆಂಡತಿ ಉಮಾಮಹೇಶ್ವರಿ ಅಂದಳು, ನೀವೂ ಹೋಗ್ ಬನ್ನಿ, ಮಗೀಗೆ ಧೈರ್ಯ ಬತ್ತದೆ, ಅದಕ್ಕೇ ಚನ್ನಪಟ್ಟಣದ ಹೋಟೆಲಿಗೆ ಬೀಗ ಜಡಿದು ಬಂದ, ಬರಬಾರದಿತ್ತು. ಆ ಯುದ್ಧದ ಕಾಲದಲ್ಲಿ ಅಲ್ಲೇ ದುಡಿದವನು, ಮನೆಯಲ್ಲಿ ಹೇಳಿದ್ದೆಲ್ಲ ನಗುವ ಕಥೆಗಳೇ, ಕುವೈತ್ ಅಂತ ಹೇಳಿ ಬಾಗ್ದಾದಿನ ಅಮೆರಿಕನ್ ಕ್ಯಾಂಪಿನ ಅಡುಗೆಮನೆಗೆ ತಳ್ಳಿದ ಏಜೆಂಟು, ಬೆಟ್ಟದಷ್ಟು ಆಲೂಗೆಡ್ಡೆ — ಲಿಂಗ ಕಟ್ಟಿದ ಮೈಯಲ್ಲಿ ಕೋಳಿ ತೊಳೆದದ್ದನ್ನು ಹೇಳಲಿಲ್ಲ, ವಾಸಿಂನ ಸುದ್ದಿಯನ್ನೂ ಹೇಳಲಿಲ್ಲ, ಆ ಬಟ್ಟೆ, ಬೇಡ, ಈಗ ಬೇಡ. ವಾಸಿಂ ಅಲ್ಲಿಯವನೇ, ಪಾತ್ರೆ ತೊಳೆಯುತ್ತಿದ್ದ, ವೋಟಿನ ಮಾರನೇ ದಿನ ಬರುತ್ತಾನೆ, ಬೆರಳ ತುಂಬ ನೇರಳೆ ಶಾಯಿ, ಅದನ್ನು ಹಣೆಗೊತ್ತಿಕೊಂಡು ನಗುತ್ತಾನೆ, ಅಳುತ್ತಾನೆ, ಆದರೆ ಅವನ ಮನೆ ದಾರಿಯಲ್ಲಿ ವೋಟು ಹಾಕಿದವರನ್ನು ಕೊಲ್ಲುತ್ತೇವೆಂದು ಬಂದೂಕು ಹಿಡಿದವರು ಬೆರಳು ನೋಡುತ್ತಿದ್ದರಲ್ಲ, ನಿಂಬೆಸಿಪ್ಪೆ ಹಾಕಿ ಉಜ್ಜಿದರು, ಸೀಮೆಎಣ್ಣೆ ಹಾಕಿ ಉಜ್ಜಿದರು, ಹೋಗಲಿಲ್ಲ. ಕೊನೆಗೆ ಗುರುಸಿದ್ದಯ್ಯ ಅರಿಶಿನ ಕಲಸಿ ಮೆತ್ತಿ ಬಟ್ಟೆ ಸುತ್ತಿದ, ಈಳಿಗೆ ತಗುಲಿದರೆ ಅವ್ವ ಕಟ್ಟುತ್ತಿದ್ದಳಲ್ಲ ಹಾಗೆ, ಕೈ ಕುಯ್ಕೊಂಡೆ ಅನ್ನು, ನಂಬ್ತಾರೆ. ಸಂಜೆ ಗೇಟಿನವರೆಗೆ ಹೋದವನು ವಾಪಸು ಬಂದು ಬಟ್ಟೆ ಕಳಚಿ ಮೇಜಿನ ಮೇಲಿಟ್ಟ, ಇಷ್ಟು ವರ್ಷ ವೋಟಿನ ಚೀಟಿಯಲ್ಲಿದ್ದ ಒಂದೇ ಹೆಸರಿಗೆ ಹೂಂ ಅಂದೆವು, ನನ್ನ ತಮ್ಮನನ್ನು ಕೊಂದದ್ದು ಈ ಅಮೆರಿಕನ್ನರ ಟ್ಯಾಂಕೇ, ಇವರನ್ನು ಕರೆದವರು ನಾವಲ್ಲ, ಆದರೆ ಬೆರಳು ನನ್ನದು, ಮುಚ್ಚುವುದಿಲ್ಲ ಅಂದ, ಹೋದ. ಮತ್ತೆ ಬರಲಿಲ್ಲ. ಅವನ ಜಾಗಕ್ಕೆ ಇನ್ನೊಬ್ಬ ಬಂದ.

ಏನು, ಎಲ್ಲರೂ ತನ್ನತ್ತ ಯಾಕೆ ತಿರುಗಿದರು — ನಮ್ಮ ತಂದೆ ಅಲ್ಲೇ ಇದ್ದರು, ಕಣ್ಣಾರೆ ನೋಡಿದ್ದಾರೆ, ಅಂದುಬಿಟ್ಟಿದ್ದಾಳೆ ಮಗಳು, ತೀರ್ಪುಗಾರ ಯೋಗಾನಂದ ಮೇಷ್ಟ್ರು ನಗುತ್ತ ಮೈಕು ಕೊಡಿಸುತ್ತಿದ್ದಾರೆ, ಅದು ಕೈಯಿಂದ ಕೈಗೆ ಬರುತ್ತಿದೆ, ಒಂದೇ ಮಾತು ಹೇಳಿ ಅಪ್ಪಾಜಿ, ವೋಟು ಹಾಕಿದೋರು ಖುಷಿಯಾಗಿದ್ರಾ ಇಲ್ವಾ? ಬಿಸಿ ತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ, ಹೌದೆಂದರೆ ಟ್ಯಾಂಕಿಗೆ ಜೈ ಅಂದಂತೆ, ಇಲ್ಲವೆಂದರೆ ವಾಸಿಂನ ಆ ನಗು ಸುಳ್ಳಾಗುತ್ತದೆ, ಖುಷಿಯಾಗಿದ್ದ ಕಣವ್ವ, ಎಂದಿತು ಬಾಯಿ, ಸಭಾಂಗಣದ ತುಂಬ ಚಪ್ಪಾಳೆ, ಮೇಘನಾಳ ಮುಖ ಅರಳಿತು, ತಡೀರಿ, ಒಸಿ ತಡೀರಿ, ಇನ್ನೂ ಐತೆ — ಗಂಟೆ ಹೊಡೆದರು, ಸಮಯ ಮುಗಿಯಿತಂತೆ, ಮೈಕು ಕಿತ್ತುಕೊಂಡು ಹೋದರು, ಅವನಿನ್ನೂ ನಿಂತೇ ಇದ್ದಾನೆ, ಚಪ್ಪಾಳೆ ನಿಲ್ಲುತ್ತಿಲ್ಲ, ಕಣ್ಣ ಮುಂದೆ ಕ್ಯಾಂಪಿನ ಅಡುಗೆಮನೆಯ ಸ್ಟೀಲಿನ ಮೇಜು, ಮೇಜಿನ ಮೇಲೆ ಬಟ್ಟೆ, ಗಂಟು ಬಿಚ್ಚದೆ ಕಳಚಿದ ಹಳದಿ ಬಟ್ಟೆ, ಒಳಗೆ ಬೆರಳಿಲ್ಲ, ಬೆರಳಿನಷ್ಟೇ ಟೊಳ್ಳು